ದಾರಿಯ ಲೆಕ್ಕ



ನಿಮ್ಮಲ್ಲಿ ಬಹಳ ಮಂದಿ ರಾಯಚೂರಿನ ಕೋಟೆಯನ್ನು ನೋಡಿದ್ದೀರಿ. ಗಂಜಿಗೆ ಹತ್ತಿ ಹಾಕಲು ಹೋದಾಗಲೋ, ದವಾಖಾನೆಗೆ ಹೋದಾಗಲೋ, ಮಗಳನ್ನು ಕಾಲೇಜಿಗೆ ಸೇರಿಸಲು ಹೋದಾಗಲೋ ಅದರ ಗೋಡೆಯ ಪಕ್ಕದಲ್ಲಿ ಹಾದು ಬಂದಿದ್ದೀರಿ. ಆ ಗೋಡೆಯಲ್ಲಿ ಒಂದು ದೊಡ್ಡ ಕಲ್ಲಿದೆ. ಉದ್ದ ಸುಮಾರು 41 ಅಡಿ. ಅದರ ಮೇಲೆ ಕಾಕತೀಯರ ಕಾಲದ, 1294ನೇ ಇಸವಿಯ ಶಾಸನವಿದೆ. ಭಾಷೆ ತೆಲುಗು. ಕನ್ನಡದ ಊರಿನ ಕೋಟೆಗೆ ತೆಲುಗಿನ ಶಾಸನ. ನಮ್ಮ ಸೀಮೆಯಲ್ಲಿ ಇದು ಯಾರಿಗೂ ಆಶ್ಚರ್ಯವಲ್ಲ.

ಶಾಸನವನ್ನು ಓದಲು ಬಾರದವರೂ ಅಲ್ಲಿ ನಿಂತು ನೋಡಬಹುದಾದ ಇನ್ನೊಂದು ಸಂಗತಿ ಇದೆ. ಅಷ್ಟು ದೊಡ್ಡ ಕಲ್ಲನ್ನು ಹೇಗೆ ತಂದರು ಎಂಬುದನ್ನು ಅಲ್ಲಿಯೇ ಗೋಡೆಯ ಮೇಲೆ ಚಿತ್ರವಾಗಿ ಕೊರೆದಿದ್ದಾರೆ. ಗಟ್ಟಿ ಗಾಲಿಯ ಬಂಡಿ, ಅದರ ಮೇಲೆ ಕಲ್ಲು, ಮುಂದೆ ಕೋಣಗಳ ಉದ್ದ ಸಾಲು, ಪಕ್ಕದಲ್ಲಿ ಅವುಗಳನ್ನು ಹುರಿದುಂಬಿಸುವ ಆಳುಗಳು, ಹಿಂದಿನಿಂದ ಗಾಲಿಗೆ ಸನ್ನೆಗೋಲು ಕೊಟ್ಟು ನೂಕುವ ಮಂದಿ. ಕೋಟೆ ಕಟ್ಟಿಸಿದವನು ತನ್ನ ಹೆಸರನ್ನು ಬರೆಸಿದ. ಅದು ಎಲ್ಲ ಕಾಲದಲ್ಲಿಯೂ ನಡೆಯುವಂಥದು. ಆದರೆ ಕಲ್ಲು ಸಾಗಿ ಬಂದ ಪರಿಯನ್ನೂ ಗೋಡೆಯ ಮೇಲೆ ದಾಖಲು ಮಾಡಿಸಿದ. ದೊಡ್ಡ ಕೆಲಸವೆಂದರೆ ದೊಡ್ಡ ಸಾಗಾಟ ಎಂಬುದನ್ನು ಆ ಕಾಲದವರು ಮುಚ್ಚಿಡಲಿಲ್ಲ.

ಈ ಹೊತ್ತು ನಾನು ತಮ್ಮೊಡನೆ ಮಾತಾಡಬೇಕೆಂದಿರುವುದು ಇದೇ ಸಾಗಾಟದ ವಿಷಯ. ಒಂದು ಕಡೆ ದೊಡ್ಡ ಕಾರ್ಖಾನೆಯೋ ಅಣೆಕಟ್ಟೋ ವಿದ್ಯುತ್ ಕೇಂದ್ರವೋ ಎದ್ದರೆ, ಪಕ್ಕದ ಊರಿನ ರಸ್ತೆಗೆ ಏನಾಗುತ್ತದೆ? ಆ ಲೆಕ್ಕವನ್ನು ಯಾರು ಬರೆಯುತ್ತಾರೆ? ಗಡಿಯಲ್ಲಿರುವ ನಾವು ಆ ಲೆಕ್ಕದಲ್ಲಿ ಎಲ್ಲಿದ್ದೇವೆ?

ನಾನು ಧರೂರಿನವನು. ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ನಡುವಿನ ಈ ನೆಲವನ್ನು ತೆಲುಗಿನಲ್ಲಿ ನಡಿಗಡ್ಡ ಎನ್ನುತ್ತೇವೆ. ರಾಯಚೂರಿನವರು ತಮ್ಮ ಸೀಮೆಯನ್ನು ದೋಆಬ್ ಎನ್ನುತ್ತಾರೆ. ಎರಡೂ ಒಂದೇ ನೆಲ, ಹೆಸರು ಬೇರೆ. 1956ರ ನವೆಂಬರ್ 1ರವರೆಗೆ ಗದ್ವಾಲ ತಾಲೂಕು ರಾಯಚೂರು ಜಿಲ್ಲೆಯಲ್ಲಿಯೇ ಇತ್ತು. ನಮ್ಮ ಅಜ್ಜಂದಿರು ಜಿಲ್ಲಾ ಕಚೇರಿ ಕೆಲಸಕ್ಕೆ ರಾಯಚೂರಿಗೇ ಹೋಗುತ್ತಿದ್ದರು. ರಾಜ್ಯಗಳ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು. ಗದ್ವಾಲ, ಆಲಂಪುರ ಆಂಧ್ರಪ್ರದೇಶದ ಮಹಬೂಬನಗರ ಜಿಲ್ಲೆಗೆ ಬಂದವು. 2014ರಲ್ಲಿ ತೆಲಂಗಾಣವಾಯಿತು, 2016ರಲ್ಲಿ ಜೋಗುಳಾಂಬ ಗದ್ವಾಲ ಜಿಲ್ಲೆಯಾಯಿತು. ಕಚೇರಿಗಳು ಬದಲಾದವು. ಬೀಗರು ಬದಲಾಗಲಿಲ್ಲ, ಸಂತೆ ಬದಲಾಗಲಿಲ್ಲ, ದವಾಖಾನೆಯ ದಾರಿಯೂ ಬದಲಾಗಲಿಲ್ಲ.

ಆದ್ದರಿಂದ ರಾಯಚೂರು ನಮಗೆ ಪಕ್ಕದ ರಾಜ್ಯದ ಊರಾದರೂ ನಮ್ಮದೇ ಪೇಟೆ. ಆ ಪೇಟೆಯ ಬೀದಿ ಕಟ್ಟಿಕೊಂಡರೆ ನಮ್ಮ ಉಸಿರೂ ಕಟ್ಟುತ್ತದೆ. ಅಲ್ಲಿಗೆ ನಮಗೆ ಎರಡು ದಾರಿಗಳಿವೆ. ಗದ್ವಾಲ ಕಡೆಯವರು ನಂದಿನ್ನೆ ದಾಟಿ ನೇರ ಹೋಗುತ್ತೇವೆ. ಹೊಳೆ ಅಡ್ಡ ಬರುವುದಿಲ್ಲ. 2013ರಿಂದ ಗದ್ವಾಲ–ರಾಯಚೂರು ರೈಲು ದಾರಿಯೂ ಆಗಿದೆ. ಮಕ್ತಲ್ ಕಡೆಯವರು ಹೊಳೆಯ ಆಚೆ ದಡದವರು. ಅವರು ಕೃಷ್ಣೆಯನ್ನು ದಾಟಿ, ದೇವಸೂಗೂರು, ಶಕ್ತಿನಗರ, ಯರಮರಸ್ ಹಾದು ರಾಯಚೂರು ಸೇರಬೇಕು. ನಮಗೂ ಮಕ್ತಲ್ ಸೀಮೆಗೂ ನಡುವೆ ಇರುವುದು ಜುರಾಲಾ ಅಣೆಕಟ್ಟು. ಹೀಗೆ ಒಂದು ಮುಕ್ಕೋನ ಆಯಿತು. ಅದರ ಮೂರು ಕಡೆಯನ್ನೂ ಒಮ್ಮೆ ಸುತ್ತಿ ಬರೋಣ, ಬನ್ನಿ.

ಮೊದಲು ನಮ್ಮ ಮನೆಯಿಂದಲೇ ಹೊರಡೋಣ. ಜುರಾಲಾ ಅಣೆಕಟ್ಟಿನ ಬಲದಂಡೆ ನಮ್ಮ ಧರೂರು ಮಂಡಲದ ರೇವುಲಪಲ್ಲಿಯ ಹತ್ತಿರ ಇದೆ. 1981ರಲ್ಲಿ ಅಡಿಗಲ್ಲು ಹಾಕಿದರು. ತೊಂಬತ್ತರ ದಶಕದ ನಡುವಿಗೆ ನೀರು ನಿಂತಿತು. ಈ ಅಣೆಕಟ್ಟಿಗೆ ಎಷ್ಟು ನೀರು ಎಂಬುದನ್ನು ಬಚಾವತ್ ನ್ಯಾಯಮಂಡಳಿ ಎಪ್ಪತ್ತರ ದಶಕದಲ್ಲಿಯೇ ಹೇಳಿತ್ತು: 17.84 ಟಿ.ಎಂ.ಸಿ. ಹದಿನೆಂಟು ಎನ್ನಲಿಲ್ಲ, ಹದಿನೇಳೂ ಮುಕ್ಕಾಲು ಎನ್ನಲಿಲ್ಲ. ದಶಾಂಶದ ಮುಂದೆ ಎರಡು ಅಂಕಿ ಬರೆದು ಲೆಕ್ಕ ಹೇಳಿತು. ನೀರಿನ ವಿಷಯದಲ್ಲಿ ಅಷ್ಟು ಜಾಗ್ರತೆ.

ಕರೆಂಟಿನ ವಿಷಯವೂ ಹಾಗೆಯೇ. ಜುರಾಲಾದಲ್ಲಿ 39 ಮೆಗಾವಾಟಿನ ಆರು ಯಂತ್ರಗಳಿವೆ, ಒಟ್ಟು 234 ಮೆಗಾವಾಟು. ಅಣೆಕಟ್ಟಿನ ಹಿನ್ನೀರು ಕರ್ನಾಟಕದ ನೆಲವನ್ನೂ ಮುಟ್ಟುತ್ತದೆ. ಅದಕ್ಕಾಗಿ ಎರಡು ಸರ್ಕಾರಗಳು ಕುಳಿತು ಮಾತಾಡಿ, ಹುಟ್ಟುವ ಕರೆಂಟಿನಲ್ಲಿ ಅರ್ಧ ಇವರಿಗೆ, ಅರ್ಧ ಅವರಿಗೆ ಎಂದು ಒಪ್ಪಂದ ಮಾಡಿಕೊಂಡವು. ನೆಲ ಮುಳುಗಿದವನಿಗೆ ಪಾಲು ಬಂತು. ಇದು ನ್ಯಾಯ. ಯಾರೂ ತಪ್ಪು ಹೇಳುವಂತಿಲ್ಲ.

ಈಗ ಅಣೆಕಟ್ಟಿನ ಮೇಲೆ ಬನ್ನಿ. ಗದ್ವಾಲ ಕಡೆಯಿಂದ ಆತ್ಮಕೂರಿಗೆ ಹೋಗುವವರು ಆ ಕಟ್ಟೆಯ ಮೇಲಿನ ದಾರಿಯಲ್ಲಿಯೇ ದಾಟುವುದು ರೂಢಿಯಾಗಿ ಬಂತು. ಮದುವೆಯ ದಿಬ್ಬಣ, ಬತ್ತದ ಟ್ರ್ಯಾಕ್ಟರು, ಮೀನಿನ ಗಾಡಿ, ಶಾಲೆಯ ಆಟೋ, ಲಾರಿ ಎಲ್ಲವೂ ಅಲ್ಲಿಯೇ. ಹೊಳೆಗೆ ಹೊಸ ನೀರು ಬಂದು ಗೇಟುಗಳನ್ನು ಎತ್ತಿದ ದಿನ ನೋಡಬೇಕು. ನೀರು ನೋಡಲು ಬಂದ ಜನ, ಬಿಸಿ ಮೀನು ಮಾರುವವರು, ಎರಡೂ ಬದಿ ನಿಲ್ಲಿಸಿದ ಬೈಕುಗಳು, ನಡುವೆ ಸಿಕ್ಕಿಬಿದ್ದ ಬಸ್ಸು. ಅಣೆಕಟ್ಟನ್ನು ಕಟ್ಟಿದ್ದು ನೀರು ನಿಲ್ಲಿಸಲು. ಜನ ಅದನ್ನು ಸೇತುವೆ ಮಾಡಿಕೊಂಡರು. ಜನರ ತಪ್ಪೇನೂ ಇಲ್ಲ. ಎರಡು ದಡಗಳು ಅಷ್ಟು ಹತ್ತಿರ ಬಂದಮೇಲೆ ಯಾರು ತಾನೇ ಸುತ್ತಿ ಹೋಗುತ್ತಾರೆ? 17.84 ಎಂದು ನೀರನ್ನು ಅಳೆದವರು, ಈ ಕಟ್ಟೆಯ ಮೇಲೆ ದಿನಕ್ಕೆ ಎಷ್ಟು ಗಾಲಿ ಉರುಳೀತು ಎಂಬುದನ್ನೂ ಅಷ್ಟೇ ಜಾಗ್ರತೆಯಿಂದ ಮೊದಲೇ ಅಳೆಯಬೇಕಿತ್ತು.

ಇನ್ನು ಮುಕ್ಕೋನದ ಎರಡನೆಯ ಕಡೆಗೆ ಹೋಗೋಣ. ಆತ್ಮಕೂರು, ಮಕ್ತಲ್ ದಾಟಿ ಹೆದ್ದಾರಿ ಹಿಡಿದರೆ ಕೃಷ್ಣಾ ಸೇತುವೆ ಬರುತ್ತದೆ. ಈ ಹೆದ್ದಾರಿಯ ಸಂಖ್ಯೆ 167. ಬಳ್ಳಾರಿ ಕಡೆಯ ಹಗರಿಯಿಂದ ಹೊರಟು ರಾಯಚೂರು, ಮಕ್ತಲ್, ಮಹಬೂಬನಗರದ ಮೇಲೆ ಜಡ್ಚರ್ಲಾ ಸೇರುತ್ತದೆ. ದೇವಸೂಗೂರಿನ ಹತ್ತಿರದ ಹಳೆಯ ಕಮಾನಿನ ಸೇತುವೆ ನಿಜಾಮರ ಕಾಲದ್ದು. 1943ರಲ್ಲಿ ಅದರ ಕೆಲಸ ಮುಗಿಯಿತು. ಅಗಲ ಸುಮಾರು 20 ಅಡಿ. ಆ ಕಾಲಕ್ಕೆ ಇಪ್ಪತ್ತಡಿ ಎಂದರೆ ಅಂಗಳದಷ್ಟು ಅಗಲ. ಬಂಡಿಗಳು, ಕುದುರೆ ಟಾಂಗಾಗಳು, ಅಪರೂಪಕ್ಕೊಂದು ಮೋಟಾರು. ಸೂಗೂರೇಶ್ವರನ ಜಾತ್ರೆಗೆ ಆಚೆ ದಡದವರು ಅದರ ಮೇಲೆ ನಡೆದುಕೊಂಡು ಬರುತ್ತಿದ್ದರು. ಇಂದಿನ ಒಂದು ಲಾರಿಯ ಅಗಲ ಎಂಟು ಅಡಿಗೆ ಮೇಲೆ. ಎದುರುಬದುರು ಎರಡು ಲಾರಿ ಬಂದರೆ ಉಳಿಯುವುದು ಮೂರು, ಮೂರೂವರೆ ಅಡಿ. ಅದರಲ್ಲಿ ಎರಡು ಬದಿ, ಒಂದು ನಡು ಹಂಚಬೇಕು. ಸೈಕಲ್ಲಿನವನು ಎಲ್ಲಿ ಹೋಗಬೇಕು?

ಆ ಸೇತುವೆ ಮುಗಿದು ನಲವತ್ತು ವರ್ಷವಾದಮೇಲೆ, ಅದರ ಪಕ್ಕದಲ್ಲಿಯೇ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ ಎದ್ದಿತು. ಮೊದಲ ಘಟಕ 1985ರಲ್ಲಿ ಶುರುವಾಯಿತು. ಒಂದಾದಮೇಲೊಂದು ಬಂದು 2010ಕ್ಕೆ ಎಂಟು ಘಟಕಗಳಾದವು. 210 ಮೆಗಾವಾಟಿನವು ಏಳು, 250 ಮೆಗಾವಾಟಿನದು ಒಂದು. ಒಟ್ಟು 1,720 ಮೆಗಾವಾಟು. ಶಕ್ತಿನಗರ ಎಂಬ ಊರೇ ಅದರಿಂದ ಹುಟ್ಟಿತು. ಕರ್ನಾಟಕದ ಎಷ್ಟೋ ಮನೆಗಳ ದೀಪ ಅಲ್ಲಿ ಉರಿದ ಕಲ್ಲಿದ್ದಲಿನದು. ಅದನ್ನು ನಾನು ಹಳಿಯಲು ಬಂದಿಲ್ಲ. ಲೆಕ್ಕ ಮಾಡಲು ಬಂದಿದ್ದೇನೆ.

ಬಂಧುಗಳೇ, ಲೆಕ್ಕ ಕಷ್ಟವಿಲ್ಲ. ನಾಲ್ಕನೇ ಇಯತ್ತೆಯ ಹುಡುಗನೂ ಮಾಡಬಹುದು. 1,720 ಮೆಗಾವಾಟು ದಿನವಿಡೀ ನಡೆದರೆ ನಾಲ್ಕು ಕೋಟಿ ಹನ್ನೆರಡು ಲಕ್ಷ ಯೂನಿಟ್ಟಿನಷ್ಟು ಕರೆಂಟು ಹುಟ್ಟುತ್ತದೆ. ಒಂದು ಯೂನಿಟ್ಟಿಗೆ ಸುಮಾರು 650 ಗ್ರಾಂ ಕಲ್ಲಿದ್ದಲು ಬೇಕೆಂದು ಹಿಡಿಯಿರಿ. ದಿನಕ್ಕೆ 27 ಸಾವಿರ ಟನ್ನಿನ ಹತ್ತಿರ ಬಂತು. ಇದು ರೈಲಿನಲ್ಲಿ ಬರುತ್ತದೆ; ಒಂದು ಗೂಡ್ಸು ಗಾಡಿಯಲ್ಲಿ ಸುಮಾರು 3,800 ಟನ್ನು ಹಿಡಿದರೆ ಏಳು ಗಾಡಿ. ಏಳು ತುಂಬಿ ಬರಬೇಕು, ಏಳು ಖಾಲಿ ಹೋಗಬೇಕು. ಹಳಿಗೆ ಗೇಟು ಇರುವ ಕಡೆಯಲ್ಲೆಲ್ಲ ಹದಿನಾಲ್ಕು ಸಲ ಗೇಟು ಬೀಳಬೇಕು.

ಉರಿದಮೇಲೆ ಉಳಿಯುವುದು ಬೂದಿ. ನಮ್ಮ ದೇಶದ ಕಲ್ಲಿದ್ದಲಿನಲ್ಲಿ ಬೂದಿಯ ಪಾಲು ಹೆಚ್ಚು. ಮೂರರಲ್ಲಿ ಒಂದು ಪಾಲು ಎಂದರೂ ದಿನಕ್ಕೆ 9 ಸಾವಿರ ಟನ್ನು. ಎಲ್ಲ ಘಟಕಗಳೂ ಎಲ್ಲ ದಿನವೂ ಪೂರ್ತಿ ನಡೆಯುವುದಿಲ್ಲ, ಒಪ್ಪೋಣ. ಒಂದಷ್ಟು ಬೂದಿಯನ್ನು ನೀರಿನಲ್ಲಿ ಕಲಸಿ ಹೊಂಡಕ್ಕೆ ಬಿಡುತ್ತಾರೆ, ಅದನ್ನೂ ಒಪ್ಪೋಣ. ಅರ್ಧವನ್ನು ತೆಗೆದುಬಿಡಿ. ಉಳಿದ ಅರ್ಧ ಮಾತ್ರ ರಸ್ತೆಗೆ ಬಂತು ಎಂದಿಟ್ಟುಕೊಂಡರೂ, ಮೂವತ್ತು ಟನ್ನಿನ ಟ್ಯಾಂಕರು ದಿನಕ್ಕೆ 150 ಬೇಕು. ಹೋಗುವುದು 150, ಬರುವುದು 150. ಹಗಲು ರಾತ್ರಿ ಎನ್ನದೆ ಸುಮಾರು ಐದು ನಿಮಿಷಕ್ಕೊಂದು. ಇದು ನಾನು ಎಣಿಸಿ ಹೇಳಿದ್ದಲ್ಲ, ಕೂಡಿ ಕಳೆದು ತೋರಿಸಿದ್ದು. ಎಣಿಸುವ ಮಾತು ಮುಂದೆ ಬರುತ್ತದೆ.

ಈ ಬೂದಿ ರಸ್ತೆಗೆ ಬರುವುದರ ಹಿಂದೆ ಒಂದು ಒಳ್ಳೆಯ ಉದ್ದೇಶವೂ ಇದೆ. ಬೂದಿಯನ್ನು ಹೊಂಡದಲ್ಲಿಯೇ ಬಿಟ್ಟರೆ ಗಾಳಿಗೆ ಹಾರಿ ಹೊಲಕ್ಕೆ ಬೀಳುತ್ತದೆ, ಇಂಗಿ ನೀರಿಗೆ ಸೇರುತ್ತದೆ. ಆದ್ದರಿಂದ ಕೇಂದ್ರ ಸರ್ಕಾರ 1999ರ ಸೆಪ್ಟೆಂಬರ್‌ನಲ್ಲಿ ಒಂದು ಅಧಿಸೂಚನೆ ಹೊರಡಿಸಿ, ವಿದ್ಯುತ್ ಕೇಂದ್ರದ ಸುತ್ತ 50 ಕಿಲೋಮೀಟರಿನೊಳಗೆ ಇಟ್ಟಿಗೆ ಮಾಡುವವರು ಹಾರುಬೂದಿಯನ್ನು ಬಳಸಬೇಕೆಂದಿತು. ಆ ಸುತ್ತಳತೆ 2003ರಲ್ಲಿ 100 ಕಿಲೋಮೀಟರಿಗೆ, 2016ರಲ್ಲಿ 300 ಕಿಲೋಮೀಟರಿಗೆ ಏರಿತು. 2021ರ ಡಿಸೆಂಬರ್ 31ರ ಅಧಿಸೂಚನೆ, ಹುಟ್ಟಿದ ಬೂದಿಯನ್ನೆಲ್ಲ ಉಪಯೋಗಕ್ಕೆ ತರಬೇಕು, ಹೊಂಡದ ಹಳೆಯ ಬೂದಿಯನ್ನೂ ಹತ್ತು ವರ್ಷದಲ್ಲಿ ಹಂತಹಂತವಾಗಿ ತೆಗೆಯಬೇಕು ಎಂದಿತು. ಸಿಮೆಂಟಿಗೆ, ಇಟ್ಟಿಗೆಗೆ, ಹೆದ್ದಾರಿಯ ಒಡ್ಡು ತುಂಬಲು ಬೂದಿ ಹೋಗಬೇಕು. ಹೊಂಡಕ್ಕೆ ಒಳ್ಳೆಯದಾಯಿತು. ಆದರೆ ಹೊಂಡ ಖಾಲಿಯಾಗುವುದೆಂದರೆ ದಾರಿ ತುಂಬುವುದು ಎಂದೇ ಅರ್ಥ. ಐವತ್ತು ಕಿಲೋಮೀಟರಿನ ಸುತ್ತಿನಲ್ಲಿ ಮಕ್ತಲ್ ಇದೆ. ಮುನ್ನೂರರ ಸುತ್ತಿನಲ್ಲಿ ಎರಡು ರಾಜ್ಯಗಳ ಎಷ್ಟು ಊರುಗಳಿವೆ ಎಂದು ನೀವೇ ಊಹಿಸಿರಿ.

ಮೂರನೆಯ ಕಡೆ ಯರಮರಸ್. ಶಕ್ತಿನಗರ ರಾಯಚೂರಿಗೆ ಇಪ್ಪತ್ತು ಕಿಲೋಮೀಟರಿನ ಹತ್ತಿರ. ಯರಮರಸ್ ಆದರೋ ಊರಿನ ಬಾಗಿಲಲ್ಲಿಯೇ ಇದೆ. ಅಲ್ಲಿ 800 ಮೆಗಾವಾಟಿನ ಎರಡು ಘಟಕಗಳ ಇನ್ನೊಂದು ವಿದ್ಯುತ್ ಕೇಂದ್ರವಾಯಿತು. 2017ರಲ್ಲಿ ಅವು ವಾಣಿಜ್ಯ ಉತ್ಪಾದನೆಗೆ ಬಂದವು. ಒಂದೇ ಹೆದ್ದಾರಿಯ ಮೇಲೆ, ಒಂದೇ ಊರಿನ ಒಂದೇ ದಿಕ್ಕಿಗೆ, ಎರಡೂ ಸೇರಿ 3,320 ಮೆಗಾವಾಟು. ಕಟ್ಟುವಾಗ ಕಬ್ಬಿಣ, ಸಿಮೆಂಟು, ಯಂತ್ರಗಳ ಲಾರಿ. ಕಟ್ಟಿದಮೇಲೆ ಪಾಳಿಯ ಬಸ್ಸು, ಗುತ್ತಿಗೆ ಕೆಲಸದವರ ಜೀಪು, ಎಣ್ಣೆಯ ಟ್ಯಾಂಕರು, ಬೂದಿಯ ಟ್ಯಾಂಕರು. ಇವರೆಲ್ಲ ಹೋಗುವ ದಾರಿಯಲ್ಲಿಯೇ ಮಕ್ತಲ್ ಕಡೆಯ ಬತ್ತ, ತೊಗರಿ, ಹತ್ತಿ ಗಂಜಿಗೆ ಬರಬೇಕು. ಹೈದರಾಬಾದಿನ ಬಸ್ಸು ಬರಬೇಕು. ಹಳ್ಳಿಯ ಹುಡುಗರು ಸೈಕಲ್ಲಿನಲ್ಲಿ ಶಾಲೆಗೆ ಬರಬೇಕು.

ರಸ್ತೆಯ ಇಂಜಿನಿಯರುಗಳು ಗಾಡಿಗಳನ್ನು ಒಂದು ವಿಚಿತ್ರ ರೀತಿಯಲ್ಲಿ ಎಣಿಸುತ್ತಾರೆ. ಒಂದು ಕಾರಿಗೆ ಒಂದು ಅಂಕ. ಲಾರಿಗೆ, ಬಸ್ಸಿಗೆ ಮೂರು. ಟ್ರ್ಯಾಕ್ಟರಿಗೆ ಟ್ರೇಲರು ಕಟ್ಟಿದ್ದರೆ ನಾಲ್ಕೂವರೆ. ಎತ್ತಿನ ಬಂಡಿಗೆ ಎಂಟು. ಬಂಡಿ ಮೆಲ್ಲಗೆ ಹೋಗುತ್ತದೆ, ಹಿಂದಿನವರನ್ನು ತಡೆಯುತ್ತದೆ, ಅದಕ್ಕೆ ಎಂಟು. ಈ ಲೆಕ್ಕವನ್ನು ಮೊದಲು ಓದಿದಾಗ ನನಗೆ ನಗು ಬಂತು, ಆಮೇಲೆ ಸ್ವಲ್ಪ ಬೇಸರವೂ ಆಯಿತು. ಪುಸ್ತಕದ ಪ್ರಕಾರ ದಾರಿಗೆ ಅತಿ ದೊಡ್ಡ ಅಡ್ಡಿ ನಮ್ಮ ಬಂಡಿ! ಆದರೆ ದಾರಿ ಕೆಡಿಸುವ ಲೆಕ್ಕ ಬೇರೆಯೇ ಇದೆ. ಅದನ್ನೂ ಕೇಳಿರಿ.

ಅಮೆರಿಕದಲ್ಲಿ 1958ರಿಂದ 1960ರವರೆಗೆ ಒಂದು ದೊಡ್ಡ ಪ್ರಯೋಗ ಮಾಡಿದರು. ಹೊಸ ರಸ್ತೆ ಹಾಕಿ, ಬೇರೆ ಬೇರೆ ಭಾರದ ಲಾರಿಗಳನ್ನು ಅದರ ಮೇಲೆ ಎರಡು ವರ್ಷ ಸುತ್ತಿಸಿ, ಯಾವುದು ಎಷ್ಟು ಕೆಡಿಸಿತು ಎಂದು ನೋಡಿದರು. ಸಿಕ್ಕ ಪಾಠ ಇದು: ಅಚ್ಚಿನ ಮೇಲಿನ ಭಾರ ಎರಡು ಪಟ್ಟಾದರೆ ರಸ್ತೆಗೆ ಆಗುವ ಪೆಟ್ಟು ಎರಡು ಪಟ್ಟಲ್ಲ, ಸುಮಾರು ಹದಿನಾರು ಪಟ್ಟು. ಹತ್ತಕ್ಕೆ ಹನ್ನೆರಡು ಹೇರಿದರೂ ಪೆಟ್ಟು ಎರಡು ಪಟ್ಟು. ಹತ್ತಕ್ಕೆ ಹದಿನೈದು ಹೇರಿದರೆ ಐದು ಪಟ್ಟು. ಹೆಚ್ಚು ಹೇರಿದವನಿಗೆ ಉಳಿಯುವುದು ಒಂದು ಟ್ರಿಪ್ಪಿನ ಡೀಸೆಲ್ಲು. ರಸ್ತೆಗೆ ಹೋಗುವುದು ಐದು ಲಾರಿಯ ಆಯುಷ್ಯ. ಆ ನಷ್ಟವನ್ನು ಕೊಡುವವರು ಯಾರು? ಕಾರ್ಖಾನೆ ಒಂದು ರಾಜ್ಯದ್ದು, ಗುಂಡಿ ಬಿದ್ದ ರಸ್ತೆ ಇನ್ನೊಂದು ರಾಜ್ಯದ್ದು, ಲಾರಿಯ ನಂಬರು ಮೂರನೆಯದರದ್ದು. ಕೇಳಲು ಹೋದರೆ ಆ ಕಚೇರಿಗೆ ಹೋಗಿ ಎನ್ನುತ್ತಾರೆ. ಅಲ್ಲಿ ಹೋದರೆ ಈ ಕಚೇರಿ ತೋರಿಸುತ್ತಾರೆ.

ಇಲ್ಲಿ ನನ್ನ ಮನೆಯ ಒಂದು ಮಾತು ಹೇಳಬೇಕು. ನಮ್ಮ ಅಕ್ಕನನ್ನು ಮಕ್ತಲ್ ಕಡೆಯ ಹಳ್ಳಿಗೆ ಕೊಟ್ಟಿದೆ. ಕೆಲವು ವರ್ಷಗಳ ಹಿಂದೆ ಒಂದು ರಾತ್ರಿ ಭಾವನವರಿಗೆ ಎದೆ ನೋವು ಬಂತು. ನಾನು ಅಂದು ಅಲ್ಲಿಯೇ ಇದ್ದೆ. ಬೆಳಗಿನ ಜಾವ ಒಂದು ಜೀಪು ಮಾಡಿಕೊಂಡು ರಾಯಚೂರಿಗೆ ಹೊರಟೆವು. ಹೊಳೆಯ ಹತ್ತಿರ ಬಂದರೆ ಮುಂದೆ ಕೆಂಪು ದೀಪಗಳ ಸಾಲು. ಸೇತುವೆಯ ಮೇಲೆ ಒಂದು ಭಾರದ ಲಾರಿ ಅಚ್ಚು ಮುರಿದು ನಿಂತಿತ್ತು. ಯಾರ ಲಾರಿಯೋ, ಏನು ಹೇರಿತ್ತೋ ನನಗೆ ತಿಳಿಯದು. ಅದರ ಈಚೆ ಒಂದು ಸಾಲು, ಆಚೆ ಒಂದು ಸಾಲು. ಜೀಪು ಮುಂದೆಯೂ ಹೋಗದು, ಹಿಂದೆಯೂ ಬಾರದು.

ಅಕ್ಕ ಕೆಳಗಿಳಿದಳು. ಮುಂದಿನ ಲಾರಿಯ ಬಾಗಿಲು ಬಡಿದು, "ಯಣ್ಣಾ, ಸ್ವಲ್ಪ ಕೈ ಹಚ್ರಿ, ನಮ್ಮ ಮನೆಯವ್ರನ್ನ ಆಕಡಿ ಒಯ್ಯಬೇಕು" ಎಂದಳು. ಡ್ರೈವರಿಗೆ ಕನ್ನಡ ಬರುತ್ತಿರಲಿಲ್ಲ. ಅಕ್ಕನ ಮುಖ ನೋಡಿದ, ಜೀಪಿನೊಳಗೆ ನೋಡಿದ. "ಪದಂಡಮ್ಮಾ" ಎಂದು ಇಳಿದುಬಿಟ್ಟ. ಅವನ ಕ್ಲೀನರು, ಹಿಂದಿನ ಲಾರಿಯವರು ಇಬ್ಬರು, ನಾನು. ಕಂಬಳಿಯ ಮೇಲೆ ಭಾವನನ್ನು ಮಲಗಿಸಿ ಮೂಲೆಗಳನ್ನು ಹಿಡಿದು, ಲಾರಿಗಳ ಸಂದಿನಲ್ಲಿ ಅಡ್ಡಡ್ಡ ನಡೆಯುತ್ತ ಸೇತುವೆ ದಾಟಿಸಿದೆವು. ಆಚೆ ದಡದಲ್ಲಿ ಒಂದು ಆಟೋ ಸಿಕ್ಕಿತು. ಡ್ರೈವರು ಬೆವರು ಒರೆಸಿಕೊಂಡು ತನ್ನ ಲಾರಿಗೆ ವಾಪಸು ನಡೆದ. ಅವನ ಹೆಸರು ಕೇಳುವುದೂ ಆಗಲಿಲ್ಲ.

ಭಾವ ಉಳಿದರು. ಈಗಲೂ ಹೊಲದ ಬದುವಿನವರೆಗೆ ಹೋಗಿ ಬರುತ್ತಾರೆ, ಗಳೆ ಮಾತ್ರ ಹೊಡೆಯುವುದಿಲ್ಲ. ಲಾರಿಗಳ ಮಾತು ಬಂದಾಗ ಅಕ್ಕ ಒಂದೇ ಮಾತು ಹೇಳುತ್ತಾಳೆ: "ಲಾರಿಯವ್ರಿಗೆ ಏನೂ ಅನಬ್ಯಾಡ್ರಿ." ನಾನೂ ಅದನ್ನೇ ನಿಮಗೆ ಹೇಳುತ್ತೇನೆ. ದಾರಿ ಕಟ್ಟಿಕೊಂಡಾಗ ನಮ್ಮ ಸಿಟ್ಟು ಎದುರಿಗೆ ಕಾಣುವ ಡ್ರೈವರಿನ ಮೇಲೆ ಹೋಗುತ್ತದೆ. ಅವನು ಆ ಬಂಡಿಯ ಚಿತ್ರದಲ್ಲಿ ಗಾಲಿ ನೂಕುತ್ತಿರುವ ಆಳು. ಅವನನ್ನು ಆ ದಾರಿಗೆ ಬಿಟ್ಟವರು, ದಾರಿಯ ಅಗಲ ಅಳೆಯದೆ ಕೆಲಸಕ್ಕೆ ಕೈ ಹಾಕಿದವರು ಚಿತ್ರದ ಹೊರಗಿದ್ದಾರೆ.

ಹಾಗಾದರೆ ನಾವು ಏನು ಮಾಡಬಹುದು? ಬರೀ ಗೋಳು ಹೇಳಲು ನಾನು ಇಲ್ಲಿ ಕುಳಿತಿಲ್ಲ. ನಾಲ್ಕು ಮಾತು ಹೇಳುತ್ತೇನೆ.

ಮೊದಲನೆಯದು, ಎಣಿಸಿರಿ. ಹಳ್ಳಿಯ ರಸ್ತೆಗಳ ಮೇಲೆ ಗಾಡಿ ಎಣಿಸುವುದಕ್ಕೆ ಇಂಡಿಯನ್ ರೋಡ್ಸ್ ಕಾಂಗ್ರೆಸ್ 1972ರಲ್ಲಿಯೇ ಒಂದು ಕ್ರಮ ಹೇಳಿದೆ. ವರ್ಷಕ್ಕೆ ಎರಡು ಸಲ, ಪ್ರತಿ ಸಲ ಏಳು ದಿನ ಬಿಡದೆ, ಹಗಲು ರಾತ್ರಿ ಎಣಿಸಬೇಕು. ಒಮ್ಮೆ ಸುಗ್ಗಿಯ ಕಾಲದಲ್ಲಿ, ಒಮ್ಮೆ ಖಾಲಿ ಕಾಲದಲ್ಲಿ. ಇದಕ್ಕೆ ಯಂತ್ರ ಬೇಡ. ಬಸ್ ನಿಲ್ದಾಣದ ಬೇವಿನ ಮರದ ಕೆಳಗೆ ಪಾಳಿಯ ಮೇಲೆ ಇಬ್ಬರು ಕುಳಿತರೆ ಸಾಕು. ಲಾರಿಗೊಂದು ಗೆರೆ, ಟ್ಯಾಂಕರಿಗೊಂದು ಗೆರೆ, ಟ್ರ್ಯಾಕ್ಟರಿಗೊಂದು, ಬಸ್ಸಿಗೊಂದು. ಹತ್ತನೇ ತರಗತಿ ಓದಿದ ನಮ್ಮ ಹುಡುಗ ಹುಡುಗಿಯರು ಸೀಡ್ ಹತ್ತಿಯ ಹೊಲದಲ್ಲಿ ಒಂದೊಂದು ಹೂವನ್ನು ಹಿಡಿದು ಎಣಿಸಿ ಕ್ರಾಸಿಂಗ್ ಮಾಡುತ್ತಾರೆ. ಅವರಿಗೆ ಲಾರಿ ಎಣಿಸುವುದು ಏನು ದೊಡ್ಡದು? ಲಾರಿ ಬಹಳ ಆಗ್ಯಾವ ಎಂದು ಹೇಳಿದರೆ ಅಧಿಕಾರಿ ತಲೆಯಾಡಿಸುತ್ತಾನೆ. ಏಳು ದಿನದ ಪಟ್ಟಿ ಇಟ್ಟರೆ ಓದಬೇಕಾಗುತ್ತದೆ.

ಎರಡನೆಯದು, ಆ ಪಟ್ಟಿಯನ್ನು ಎರಡು ಭಾಷೆಯಲ್ಲಿ ಬರೆಯಿರಿ. ಇದು ನಮಗೆ ಮಾತ್ರ ಸಾಧ್ಯವಿರುವ ಕೆಲಸ. ಗ್ರಾಮಸಭೆಯಲ್ಲಿ ಠರಾವು ಮಾಡಿ, ತೆಲುಗಿನದು ನಮ್ಮ ಕಲೆಕ್ಟರರಿಗೆ, ಕನ್ನಡದ್ದು ರಾಯಚೂರಿನ ಜಿಲ್ಲಾಧಿಕಾರಿಗಳಿಗೆ ಕೊಡಿ. ಎರಡರಲ್ಲಿಯೂ ಇನ್ನೊಬ್ಬರಿಗೆ ಪ್ರತಿ ಕಳಿಸಿದ್ದೇವೆ ಎಂದು ಬರೆಯಿರಿ. ಆಗ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುವುದು ಅಷ್ಟು ಸುಲಭವಲ್ಲ.

ಮೂರನೆಯದು, ಇರುವ ಕಾನೂನನ್ನು ತಿಳಿದುಕೊಳ್ಳಿರಿ. ಮೋಟಾರು ವಾಹನಗಳ ಕಾಯಿದೆ 1988ರದು. ಅದರ 115ನೇ ಕಲಮಿನಂತೆ, ಜನರ ಸುರಕ್ಷತೆಗಾಗಿ ಒಂದು ರಸ್ತೆಯಲ್ಲಿ, ಒಂದು ಸೇತುವೆಯ ಮೇಲೆ ಇಂಥ ಗಾಡಿ ಇಂಥ ಹೊತ್ತಿನಲ್ಲಿ ಬರಬಾರದೆಂದು ತಡೆಯುವ ಅಧಿಕಾರ ರಾಜ್ಯ ಸರ್ಕಾರಕ್ಕೂ ಅದು ನೇಮಿಸಿದ ಅಧಿಕಾರಿಗೂ ಇದೆ. ಶಾಲೆ ಬಿಡುವ ಹೊತ್ತಿಗೆ, ಜಾತ್ರೆಯ ದಿನಕ್ಕೆ ಭಾರದ ಲಾರಿಗಳನ್ನು ನಿಲ್ಲಿಸಿರಿ ಎಂದು ಕೇಳುವುದು ಭಿಕ್ಷೆಯಲ್ಲ. 194ನೇ ಕಲಮು ಹೆಚ್ಚು ಭಾರದ್ದು. 2019ರ ತಿದ್ದುಪಡಿಯ ಮೇಲೆ ದಂಡ 20 ಸಾವಿರ ರೂಪಾಯಿ, ಹೆಚ್ಚಾದ ಪ್ರತಿ ಟನ್ನಿಗೆ ಮತ್ತೆ 2 ಸಾವಿರ. ದಂಡ ಕಟ್ಟಿದೆ ಎಂದು ಹಾಗೆಯೇ ಓಡಿಸುವಂತಿಲ್ಲ. ಹೆಚ್ಚಾದದ್ದನ್ನು ಅಲ್ಲಿಯೇ ಇಳಿಸಿ ಹೋಗಬೇಕು.

ನಾಲ್ಕನೆಯದು ಮುಂದೆ ಬರುವ ಕೆಲಸಗಳ ಮಾತು. 2006ರ ಪರಿಸರ ಅಧಿಸೂಚನೆಯಂತೆ ದೊಡ್ಡ ಯೋಜನೆಗಳಿಗೆ ಮೊದಲು ಜನರ ಅಹವಾಲು ಸಭೆ ನಡೆಯಬೇಕು. ಮೂವತ್ತು ದಿನ ಮುಂಚೆ ಪತ್ರಿಕೆಯಲ್ಲಿ ಪ್ರಕಟಿಸಬೇಕು. ವರದಿಯ ಸಾರಾಂಶ ಅಲ್ಲಿಯ ಭಾಷೆಯಲ್ಲಿ ಸಿಗಬೇಕು. ಸಭೆಯಲ್ಲಿ ಹಾಜರಿದ್ದ ಪ್ರತಿಯೊಬ್ಬರಿಗೂ ಕೇಳುವ ಅವಕಾಶ ಕೊಡಬೇಕು. ಕೊನೆಯಲ್ಲಿ, ನಡೆದ ಮಾತಿನ ಸಾರವನ್ನು ಜನರ ಭಾಷೆಯಲ್ಲಿ ಓದಿ ಹೇಳಬೇಕು. ಗಮನಿಸಿರಿ, ಸಭೆ ನಡೆಯುವುದು ಯೋಜನೆ ಇರುವ ಜಿಲ್ಲೆಯಲ್ಲಿ. ಹೊಳೆಯ ಆಚೆ ಆದರೆ ನಮ್ಮ ಊರಿನಲ್ಲಿ ಡಂಗುರ ಹೊಡೆಯುವುದಿಲ್ಲ. ಆದರೆ ಸಭೆಯಲ್ಲಿ ಹಾಜರಿದ್ದವರು ಎಂದರೆ ಹಾಜರಿದ್ದವರು. ಬರಲಾಗದವರು ಬರೆದು ಕಳಿಸಲೂಬಹುದು. ಧರೂರಿನವನು ರಾಯಚೂರಿನ ಸಭೆಗೆ ಹೋಗಿ ಕನ್ನಡದಲ್ಲಿ ಕೇಳಬಹುದು. ರಾಯಚೂರು ಕಡೆಯ ತೆಲುಗು ಮನೆಮಾತಿನವನು ಗದ್ವಾಲದ ಸಭೆಗೆ ಬಂದು ತೆಲುಗಿನಲ್ಲಿ ಕೇಳಬಹುದು. ಕೇಳಬೇಕಾದ ಪ್ರಶ್ನೆ ಒಂದೇ: ದಿನಕ್ಕೆ ಎಷ್ಟು ಲಾರಿ, ಯಾವ ದಾರಿಯ ಮೇಲೆ, ಎಲ್ಲಿಯವರೆಗೆ? ಬಂದ ಉತ್ತರ ಓದಿ ಹೇಳುವ ಸಾರದಲ್ಲಿ ಸೇರಿದೆಯೇ ಎಂದು ಕಿವಿಗೊಟ್ಟು ಕೇಳಿಯೇ ಎದ್ದು ಬನ್ನಿರಿ.

ಹೊಸ ಕೆಲಸಗಳು ಬರುತ್ತಲೇ ಇರುತ್ತವೆ. ಸೂರತ್ತಿನಿಂದ ಚೆನ್ನೈಗೆ ಹೋಗುವ ದೊಡ್ಡ ಹೆದ್ದಾರಿಯನ್ನು ರಾಯಚೂರು, ಗದ್ವಾಲ ಸೀಮೆಯ ಮೇಲೆಯೇ ಗೊತ್ತುಮಾಡಿದ್ದಾರೆ. ಅಂಥ ಹೆದ್ದಾರಿಗೆ ಎಲ್ಲಿ ಬೇಕಾದಲ್ಲಿ ಹತ್ತುವ ಹಾಗಿಲ್ಲ, ಇಳಿಯುವ ಹಾಗಿಲ್ಲ. ನಮ್ಮ ಎತ್ತು ಈಚೆಯಿಂದ ಆಚೆಯ ಹೊಲಕ್ಕೆ ಎಲ್ಲಿ ದಾಟಬೇಕು, ಇಳಿದ ಲಾರಿಗಳು ಯಾವ ಊರಿನ ಬೀದಿಗೆ ಬಂದು ಸೇರುತ್ತವೆ ಎಂಬುದನ್ನು ಒಡ್ಡು ಏಳುವ ಮೊದಲು ಕೇಳಿದರೆ ಒಂದು ಗೀಟಿನಲ್ಲಿ ತಿದ್ದಬಹುದು. ಎದ್ದಮೇಲೆ ಕೇಳಿದರೆ ಹತ್ತು ವರ್ಷದ ಅರ್ಜಿ.

ಬಂಧುಗಳೇ, ಕೃಷ್ಣೆಯ ನೀರನ್ನು ಹಂಚಿಕೊಳ್ಳಲು ರಾಜ್ಯಗಳು ನ್ಯಾಯಮಂಡಳಿ ಮುಂದೆ ಕುಳಿತವು. ಜುರಾಲಾದ ಕರೆಂಟನ್ನು ಅರ್ಧ ಅರ್ಧ ಹಂಚಿಕೊಂಡವು. ನೀರಿಗೆ ಲೆಕ್ಕ ಉಂಟು, ಕರೆಂಟಿಗೆ ಲೆಕ್ಕ ಉಂಟು. ಎರಡೂ ದಡದ ಜನ ತುಳಿಯುವ ದಾರಿಗೂ ಒಂದು ಲೆಕ್ಕ ಬೇಕು. ಹೆಚ್ಚು ಗಾಲಿ ಬಿಟ್ಟವನು ಹೆಚ್ಚು ಕೊಡಲಿ; ಪೆಟ್ಟು ತಿಂದ ಊರಿಗೆ ಅದರ ಪಾಲು ಬರಲಿ. ಇದು ಹೊಸ ನ್ಯಾಯವೇನೂ ಅಲ್ಲ. ನೆಲ ಮುಳುಗಿದವನಿಗೆ ಕರೆಂಟಿನಲ್ಲಿ ಪಾಲು ಕೊಟ್ಟ ಅದೇ ನ್ಯಾಯ.

ಮುಂದಿನ ಸಲ ರಾಯಚೂರಿಗೆ ಹೋದಾಗ ಹತ್ತು ನಿಮಿಷ ಬಿಡುವು ಮಾಡಿಕೊಂಡು ಕೋಟೆಯ ಆ ಗೋಡೆಯ ಮುಂದೆ ನಿಲ್ಲಿರಿ. ಮಕ್ಕಳಿಗೆ ಆ ಬಂಡಿಯನ್ನು, ಕೋಣಗಳನ್ನು, ಗಾಲಿ ನೂಕುವವರನ್ನು ತೋರಿಸಿರಿ. ಏಳು ನೂರು ವರ್ಷದ ಹಿಂದೆ ಒಂದು ಕಲ್ಲು ಸಾಗಿದ್ದಕ್ಕೆ ದಾಖಲೆ ಇದೆ ಎಂದು ಹೇಳಿರಿ. ಆಮೇಲೆ ಊರಿಗೆ ಬಂದು, ಬೇವಿನ ಮರದ ಕೆಳಗೆ ಒಂದು ನೋಟುಬುಕ್ಕು ಹಿಡಿದು ಕೂಡ್ರಿಸಿರಿ.